ಗೂಗಲ್‌ನಿಂದ ಬಂದವರಿಗೆ ಮಾತ್ರ ಜೂಜಿನ ಪುಟ ತೆರೆಯುತ್ತಿದೆ: ಅಂಗಡಿಯ ಜಾಲತಾಣವನ್ನು ಭದ್ರವಾಗಿ, ಚುರುಕಾಗಿ, ನಿಲ್ಲದಂತೆ ನಡೆಸುವುದು ಹೇಗೆ?

ಬಂದರಿನ ಗೇರುಬೀಜ ವರ್ತಕ, ಮಂಗಳೂರು

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬಂದರು ಪ್ರದೇಶದಲ್ಲಿ ನಮ್ಮ ಕುಟುಂಬದ ಗೇರುಬೀಜ ಮತ್ತು ಕಾಳುಮೆಣಸಿನ ವ್ಯಾಪಾರವಿದೆ. ಸಗಟು ವ್ಯವಹಾರವೆಲ್ಲ ಫೋನಿನಲ್ಲೇ ಮುಗಿಯುತ್ತದೆ. ಮುಂಬೈ, ಪುಣೆ, ಬೆಂಗಳೂರುಗಳಲ್ಲಿ ನೆಲೆಸಿರುವ ಊರಿನವರು ಕಿಲೋ, ಅರ್ಧ ಕಿಲೋ ಲೆಕ್ಕದಲ್ಲಿ ನಮ್ಮ ಜಾಲತಾಣದಿಂದ ತರಿಸಿಕೊಳ್ಳುತ್ತಾರೆ. ಮುಂಬೈಯ ಹಳೆಯ ಗಿರಾಕಿಯೊಬ್ಬರು ಕರೆ ಮಾಡಿ, ಗೂಗಲ್‌ನಲ್ಲಿ ನಮ್ಮ ಅಂಗಡಿಯ ಹೆಸರನ್ನು ಹುಡುಕಿ ಒತ್ತಿದರೆ ಯಾವುದೋ ಜೂಜಿನ ಪುಟ ತೆರೆದುಕೊಳ್ಳುತ್ತದೆ ಎಂದರು. ನಾನು ಅಂಗಡಿಯ ಕಂಪ್ಯೂಟರಿನಲ್ಲಿ ವಿಳಾಸವನ್ನು ನೇರವಾಗಿ ಬರೆದು ನೋಡಿದೆ; ಎಲ್ಲವೂ ಸರಿಯಾಗಿತ್ತು. ತಾಣವನ್ನು ತನ್ನ ಸರ್ವರಿನಲ್ಲಿ ಇಟ್ಟುಕೊಂಡಿರುವ ಹೋಸ್ಟಿಂಗ್ ಸಂಸ್ಥೆಗೆ ದೂರು ಕೊಟ್ಟರೆ, ತಮ್ಮ ಕಡೆಯಿಂದ ಯಾವ ದೋಷವೂ ಇಲ್ಲವೆಂಬ ಉತ್ತರ ಬಂತು.

ತಾಣವು ವರ್ಡ್‌ಪ್ರೆಸ್ ಎಂಬ, ಜಾಲತಾಣ ಕಟ್ಟುವ ತಂತ್ರಾಂಶದಲ್ಲಿದೆ. ಅದನ್ನು ಕಟ್ಟಿಕೊಟ್ಟ ಹುಡುಗ ಈಗ ದುಬೈಯಲ್ಲಿದ್ದಾನೆ. ಒಳ್ಳೆಯವನು, ಫೋನ್ ಮಾಡಿದರೆ ಮಾತಾಡುತ್ತಾನೆ, ಆದರೆ ಅಲ್ಲಿನ ಕೆಲಸದ ನಡುವೆ ಅವನಿಗೆ ಬಿಡುವಿಲ್ಲ. ನವರಾತ್ರಿಯಿಂದ ದೀಪಾವಳಿಯವರೆಗೆ ನಮಗೆ ವರ್ಷದಲ್ಲೇ ಅತಿ ಹೆಚ್ಚು ಆರ್ಡರ್ ಬರುತ್ತದೆ. ಅಷ್ಟರೊಳಗೆ ತಾಣವನ್ನು ಸ್ವಚ್ಛಗೊಳಿಸಬೇಕು, ಮತ್ತೆ ಹೀಗಾಗದಂತೆ ನೋಡಿಕೊಳ್ಳಬೇಕು. ಪುಟಗಳು ನಿಧಾನ ಎಂಬ ದೂರೂ ಇದೆ. ಎಲ್ಲಿಂದ ಪ್ರಾರಂಭಿಸಲಿ?

ಮಣಿಪಾಲದ ಸರ್ವರ್ ನಿರ್ವಾಹಕಿ

ವರ್ತಕರೇ, ನಿಮ್ಮ ಗಿರಾಕಿ ಹೇಳಿದ್ದೂ ನಿಜ, ನೀವು ಕಂಡದ್ದೂ ನಿಜ. ಬ್ರೌಸರ್ ಒಂದು ಪುಟವನ್ನು ಕೇಳುವಾಗ ತಾನು ಯಾವ ತಾಣದ ಕೊಂಡಿಯಿಂದ ಬಂದೆ, ಮೊಬೈಲಿನಲ್ಲಿದ್ದೇನೆಯೋ ಕಂಪ್ಯೂಟರಿನಲ್ಲಿದ್ದೇನೆಯೋ ಎಂಬುದನ್ನೂ ಸರ್ವರಿಗೆ ತಿಳಿಸುತ್ತದೆ. ನಿಮ್ಮ ತಾಣದೊಳಗೆ ಸೇರಿಕೊಂಡಿರುವ ಕೋಡ್ ಈ ಎರಡು ವಿವರಗಳನ್ನು ಓದಿ, ಗೂಗಲ್‌ನಿಂದ ಮೊಬೈಲಿನಲ್ಲಿ ಬಂದವರನ್ನು ಮಾತ್ರ ಜೂಜಿನ ಪುಟಕ್ಕೆ ಕಳಿಸುತ್ತಿರಬೇಕು. ವಿಳಾಸವನ್ನು ಕೈಯಿಂದ ಬರೆದು ಬರುವವರು ಬಹುತೇಕ ಮಾಲೀಕರೇ ಆಗಿರುತ್ತಾರೆಂದು ಇಂಥ ಕೋಡ್ ಬರೆದವರಿಗೆ ಗೊತ್ತು. ಕೆಲವು ಕೋಡುಗಳು ಬ್ರೌಸರಿನಲ್ಲಿ ‘ಕುಕಿ’ ಎಂಬ ಗುರುತೊಂದನ್ನು ಇಟ್ಟು ಒಬ್ಬರನ್ನು ಒಂದೇ ಸಲ ಕಳಿಸುತ್ತವೆ. ಅದೇ ವ್ಯಕ್ತಿ ಮತ್ತೆ ನೋಡಿದಾಗ ತಾಣ ಸರಿಯಾಗಿಯೇ ಕಾಣುತ್ತದೆ, ದೂರು ಅಲ್ಲಿಗೇ ನಿಲ್ಲುತ್ತದೆ. ಮೊಬೈಲಿನ ಬ್ರೌಸರಿನಲ್ಲಿ ಖಾಸಗಿ ಕಿಟಕಿ ತೆರೆದು, ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ, ಗೂಗಲ್ ಮೂಲಕವೇ ಹೋಗಿ ನೋಡಿ.

ಏನನ್ನಾದರೂ ಅಳಿಸುವ ಮೊದಲು ಈಗಿರುವ ಸ್ಥಿತಿಯಲ್ಲೇ ಕಡತಗಳನ್ನು, ಡೇಟಾಬೇಸನ್ನು ಮತ್ತು ಸರ್ವರಿನ ಲಾಗ್‌ಗಳನ್ನು (ಯಾರು ಯಾವಾಗ ಏನು ಕೇಳಿದರೆಂಬ ದಾಖಲೆಗಳನ್ನು) ಪೂರ್ತಿ ನಕಲು ಮಾಡಿ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕೋಡ್ ಒಳಬಂದ ದಾರಿಯನ್ನು ಹೇಳುವ ಸಾಕ್ಷ್ಯ ಅದೊಂದೇ. ದಾರಿ ತಿಳಿಯದೆ ಸ್ವಚ್ಛಗೊಳಿಸಿದ ತಾಣಕ್ಕೆ ಅದೇ ಕೋಡ್ ಕೆಲವೇ ದಿನಗಳಲ್ಲಿ ಹಿಂತಿರುಗುವುದನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಅನಂತರ ವರ್ಡ್‌ಪ್ರೆಸ್‌ನ ಮೂಲ ಕಡತಗಳನ್ನು ಅಧಿಕೃತ ತಾಣದಿಂದ ಹೊಸದಾಗಿ ತಂದು ಹಾಕಿ. ಹೆಚ್ಚುವರಿ ಸೌಲಭ್ಯ ಕೊಡುವ ಪ್ಲಗಿನ್‌ಗಳನ್ನೂ ತಾಣದ ರೂಪ ನಿರ್ಧರಿಸುವ ಥೀಮನ್ನೂ ಹಾಗೆಯೇ ಬದಲಿಸಿ. ಇದ್ದುದನ್ನೇ ತಿದ್ದುತ್ತ ಕೂರುವುದಕ್ಕಿಂತ ಬದಲಿಸುವುದೇ ಖಚಿತವಾದ ಮಾರ್ಗ.

ಹಾಗೆ ಬದಲಿಸಲಾಗದೆ ಉಳಿಯುವ ಜಾಗಗಳಲ್ಲೇ ಇಂಥ ಕೋಡ್ ಅಡಗುತ್ತದೆ. ಚಿತ್ರಗಳಿರಬೇಕಾದ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಕಡತವೊಂದು, ಎಂದರೆ ಸರ್ವರಿನಲ್ಲಿ ಓಡುವ ಕೋಡ್, ಕಂಡರೆ ಬಹುಮಟ್ಟಿಗೆ ಅದು ಕಳ್ಳ ಕಡತವೇ. ಬಂದವರನ್ನು ಎಲ್ಲಿಗೆ ಕಳಿಸಬೇಕೆಂದು ಸರ್ವರಿಗೆ ಹೇಳುವ ಎಚ್‌ಟಿಆ್ಯಕ್ಸೆಸ್ ಕಡತದ ಕೊನೆಯಲ್ಲಿ, ಪುಟಗಟ್ಟಲೆ ಖಾಲಿ ಸಾಲುಗಳ ಕೆಳಗೆ, ನಾಲ್ಕು ಸಾಲುಗಳು ಕುಳಿತಿರುವುದುಂಟು. ಕೊನೆಯವರೆಗೂ ಸರಿಸಿ ನೋಡಬೇಕು. ನಿರ್ವಾಹಕರ ಪಟ್ಟಿಯಲ್ಲಿ ನೀವು ಸೇರಿಸದ ಹೆಸರಿದೆಯೇ, ಪ್ಲಗಿನ್ ಪಟ್ಟಿಯಲ್ಲಿ ಸುಲಭವಾಗಿ ಕಣ್ಣಿಗೆ ಬೀಳದ ‘ಎಂಯು ಪ್ಲಗಿನ್ಸ್’ ಫೋಲ್ಡರಿನಲ್ಲಿ ಏನಿದೆ, ನಿಗದಿತ ವೇಳೆಗೆ ತಾನಾಗಿ ಓಡುವ ಕ್ರಾನ್ ಕೆಲಸಗಳಲ್ಲಿ ಅಪರಿಚಿತವಾದುದಿದೆಯೇ ಎಂದು ಪರಿಶೀಲಿಸಿ. ಎಲ್ಲ ಮುಗಿದ ಮೇಲೆ ಹೋಸ್ಟಿಂಗ್, ಡೇಟಾಬೇಸ್, ಎಫ್‌ಟಿಪಿ ಮತ್ತು ವರ್ಡ್‌ಪ್ರೆಸ್ ಪಾಸ್‌ವರ್ಡ್‌ಗಳನ್ನು ಬದಲಿಸಿ. ಕಾನ್ಫಿಗ್ ಕಡತದಲ್ಲಿರುವ ‘ಸಾಲ್ಟ್’ ಎಂಬ ಗುಪ್ತ ಸಾಲುಗಳನ್ನೂ ಬದಲಿಸಿ, ಏಕೆಂದರೆ ಹಾಗೆ ಮಾಡಿದಾಗ ಒಳಗೆ ಲಾಗಿನ್ ಆಗಿ ಕುಳಿತಿರುವವರೆಲ್ಲ ಒಮ್ಮೆಗೇ ಹೊರಬೀಳುತ್ತಾರೆ. ಕೊನೆಗೆ, ತಾಣದ ಮಾಲೀಕರಿಗಾಗಿ ಇರುವ ಗೂಗಲ್ ಸರ್ಚ್ ಕನ್ಸೋಲ್‌ನ ಭದ್ರತಾ ವಿಭಾಗದಲ್ಲಿ ಎಚ್ಚರಿಕೆ ಬಂದಿದ್ದರೆ ಮರುಪರಿಶೀಲನೆಗೆ ಕೋರಿಕೆ ಸಲ್ಲಿಸಿ.

ಒಂದು ಪ್ರಶ್ನೆ: ಹಣ ಕೊಟ್ಟು ಕೊಳ್ಳಬೇಕಾದ ಥೀಮನ್ನೋ ಪ್ಲಗಿನ್ನನ್ನೋ ಎಲ್ಲಿಂದಲೋ ಉಚಿತವಾಗಿ ತಂದು ಹಾಕಿದ್ದುಂಟೇ? ನಮ್ಮೂರಿನ ಸಣ್ಣ ತಾಣಗಳಿಗೆ ಸೋಂಕು ಬರುವ ಮುಖ್ಯ ದಾರಿಗಳಲ್ಲಿ ಅದೂ ಒಂದು. ಆ ಕಡತಗಳೊಳಗೆ ಹಿಂಬಾಗಿಲನ್ನು ಮೊದಲೇ ಇಟ್ಟಿರುತ್ತಾರೆ.

ಮಲ್ಪೆಯ ಹೋಮ್‌ಸ್ಟೇ ನಡೆಸುವವನು

ಇಷ್ಟೆಲ್ಲ ಹುಡುಕುವ ಬದಲು ಹಳೆಯ ಬ್ಯಾಕಪ್ಪನ್ನು ಹಾಕಿದರೆ ಆಗದೇ? ನಮ್ಮ ಹೋಸ್ಟಿಂಗ್‌ನವರು ಪ್ರತಿದಿನ ಬ್ಯಾಕಪ್ ತೆಗೆಯುತ್ತೇವೆಂದು ಹೇಳುತ್ತಾರೆ.

ಮಣಿಪಾಲದ ಸರ್ವರ್ ನಿರ್ವಾಹಕಿ

ಆಗಬಹುದು, ಆದರೆ ಎರಡು ವಿಷಯ ಗಮನದಲ್ಲಿರಲಿ. ಕೋಡ್ ಒಳಬಂದ ದಿನಕ್ಕೂ ಅದು ಕಣ್ಣಿಗೆ ಬಿದ್ದ ದಿನಕ್ಕೂ ನಡುವೆ ವಾರಗಳೇ ಕಳೆದಿರಬಹುದು. ಏಳು ದಿನಗಳ ಬ್ಯಾಕಪ್ ಮಾತ್ರ ಇದ್ದರೆ ಏಳರಲ್ಲೂ ಸೋಂಕು ಇರುತ್ತದೆ. ಬ್ಯಾಕಪ್ ಸ್ವಚ್ಛವಾಗಿದ್ದರೂ, ಒಳಬರಲು ಬಳಸಿದ ರಂಧ್ರ ಅದರಲ್ಲೂ ಹಾಗೆಯೇ ಇರುತ್ತದೆ. ಆದ್ದರಿಂದ ಹಳೆಯದನ್ನು ಹಾಕಿದ ತಕ್ಷಣ ಎಲ್ಲವನ್ನೂ ಅಪ್‌ಡೇಟ್ ಮಾಡಿ ಪಾಸ್‌ವರ್ಡ್ ಬದಲಿಸದಿದ್ದರೆ ಪ್ರಯೋಜನವಿಲ್ಲ. ಬ್ಯಾಕಪ್ಪಿನ ನಂತರ ಬಂದ ಆರ್ಡರ್‌ಗಳೂ ಹೋಗುತ್ತವೆ.

‘ಹೋಸ್ಟಿಂಗ್‌ನವರು ತೆಗೆಯುತ್ತಾರೆ’ ಎಂಬ ಮಾತಿಗೆ ಮನಸ್ಸು ಒಪ್ಪುವುದಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ಡೇಟಾ ಸೆಂಟರ್ ಕಟ್ಟಡವೊಂದು ಬೆಂಕಿಗೆ ಆಹುತಿಯಾಯಿತು; ತಾಣವನ್ನೂ ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದವರು ಎರಡನ್ನೂ ಕಳೆದುಕೊಂಡರು. 2017ರ ಜನವರಿ 31ರಂದು ಕೋಡ್ ಸಂಗ್ರಹಿಸಿಡುವ ಸೇವೆಯಾದ ಗಿಟ್‌ಲ್ಯಾಬ್‌ನಲ್ಲಿ ಒಬ್ಬ ಎಂಜಿನಿಯರ್ ಮುಖ್ಯ ಡೇಟಾಬೇಸನ್ನು ತಪ್ಪಾಗಿ ಅಳಿಸಿದಾಗ, ಅವರು ನೆಚ್ಚಿಕೊಂಡಿದ್ದ ಬ್ಯಾಕಪ್ ವ್ಯವಸ್ಥೆಗಳು ಒಂದಾದ ಮೇಲೊಂದು ಕೈಕೊಟ್ಟವು. ಸುಮಾರು ಆರು ಗಂಟೆ ಹಿಂದಿನ ಪ್ರತಿಯೊಂದು ದೊರೆತದ್ದರಿಂದ ಉಳಿದದ್ದು ಉಳಿಯಿತು. ಅಂಥ ದೊಡ್ಡ ಸಂಸ್ಥೆಗೇ ಮರಳಿ ತರುವ ದಿನದವರೆಗೆ ಆ ಲೋಪ ತಿಳಿದಿರಲಿಲ್ಲ. ಮೂರು ಪ್ರತಿ, ಎರಡು ಬಗೆಯ ಸಂಗ್ರಹ, ಒಂದು ಬೇರೆ ಸ್ಥಳದಲ್ಲಿ ಎಂಬ ಹಳೆಯ ಸೂತ್ರ ಚಿಕ್ಕ ಅಂಗಡಿಗೂ ಸಲ್ಲುತ್ತದೆ. ಬೇರೆ ಸ್ಥಳದ ಪ್ರತಿಗೆ ಬೇರೆಯದೇ ಲಾಗಿನ್ ಇರಬೇಕು. ತಾಣಕ್ಕೆ ನುಗ್ಗಿದವನ ಕೈ ಅದಕ್ಕೆ ತಗುಲಬಾರದು. ವರ್ಷಕ್ಕೊಮ್ಮೆಯಾದರೂ ಅದನ್ನು ಖಾಲಿ ಸರ್ವರಿನಲ್ಲಿ ಎಬ್ಬಿಸಿ, ಒಂದು ಆರ್ಡರ್ ಹಾಕಿ ನೋಡಬೇಕು. ನಮ್ಮ ಕಡೆ ಇದಕ್ಕೆ ಮಳೆಗಾಲದ ಆಟಿ ತಿಂಗಳು ಪ್ರಶಸ್ತ; ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇರುವುದಿಲ್ಲ, ಮದುವೆ ಮುಹೂರ್ತಗಳಿಲ್ಲ, ಹೋಮ್‌ಸ್ಟೇಗೂ ಅಂಗಡಿಗೂ ಬಿಡುವು. ದೊಡ್ಡ ಅಪ್‌ಡೇಟ್, ಸರ್ವರ್ ಬದಲಾವಣೆಗಳನ್ನೂ ಆಗಲೇ ಮಾಡಿ ಮುಗಿಸಬೇಕು.

ಸುರತ್ಕಲ್‌ನ ವೆಬ್ ವಿನ್ಯಾಸಕಿ

ನಿಧಾನದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಕನ್ನಡ ಪುಟಗಳಿಗೆ ಕೆಲವು ವಿಶೇಷ ತೊಡಕುಗಳಿವೆ. ವರ್ತಕರ ತಾಣವನ್ನು ಅವರ ಅನುಮತಿಯಿಂದ ಪರೀಕ್ಷಿಸಿದೆ. ಮುಖಪುಟದಲ್ಲಿ ಸರಿಯುತ್ತಿರುವ ಚಿತ್ರಗಳು ಕ್ಯಾಮೆರಾದಿಂದ ಬಂದ ಗಾತ್ರದಲ್ಲೇ ಇವೆ, ಒಂದೊಂದೂ ಹಲವು ಎಂಬಿ. ಮೊಬೈಲಿನ ಅಗಲಕ್ಕೆ ತಕ್ಕಂತೆ ಕುಗ್ಗಿಸಿ ವೆಬ್‌ಪಿ ರೂಪದಲ್ಲಿ ಉಳಿಸಿದರೆ ಒಂದು ಚಿತ್ರ ಕೆಲವು ನೂರು ಕೆಬಿ ಮೀರದು, ಗೋಡಂಬಿಯ ಬಣ್ಣವೂ ಕೆಡದು. ಚಿತ್ರಗಳಿಗೆ ಉದ್ದ, ಅಗಲ ನಮೂದಿಸಿಲ್ಲ; ಆದ್ದರಿಂದ ಪುಟ ತೆರೆಯುವಾಗ ಅಕ್ಷರಗಳು ಕೆಳಕ್ಕೆ ಜಿಗಿಯುತ್ತವೆ, ಗಿರಾಕಿ ‘ಅರ್ಧ ಕಿಲೋ’ ಒತ್ತಲು ಹೋಗಿ ಬೇರೇನನ್ನೋ ಒತ್ತುತ್ತಾನೆ. ಗೂಗಲ್ ಇಟ್ಟಿರುವ ಅಳತೆಗೋಲಿನಲ್ಲಿ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಜಿಗಿತದ ಅಂಕ 0.1 ಮೀರಬಾರದು. ನಾಲ್ವರಲ್ಲಿ ಮೂವರ ಅನುಭವವಾದರೂ ಈ ಮಿತಿಯೊಳಗಿರಬೇಕೆಂಬುದು ಅದರ ಲೆಕ್ಕ.

ಕನ್ನಡದ ಒಂದು ಅಕ್ಷರ ಚಿಹ್ನೆಗೆ ಯುನಿಕೋಡಿನ ಯುಟಿಎಫ್‌-8ರಲ್ಲಿ 3 ಬೈಟ್ ಬೇಕು. ‘ಕ್ಷ’ ಎಂಬುದು ಕ, ಹಲಂತ, ಷ ಸೇರಿ 9 ಬೈಟ್. ಇದನ್ನು ಕೇಳಿ ಗಾಬರಿಯಾಗಬೇಕಿಲ್ಲ. ಸರ್ವರಿನಲ್ಲಿ ಜಿಜಿಪ್ ಅಥವಾ ಬ್ರೋಟ್ಲಿ ಸಂಕುಚನ ಚಾಲೂ ಇದ್ದರೆ ಆ ಭಾರ ಬಹುಪಾಲು ಇಳಿಯುತ್ತದೆ. ನಿಜವಾದ ಭಾರ ಫಾಂಟಿನದು. ಒತ್ತಕ್ಷರ, ಗುಣಿತಾಕ್ಷರಗಳ ಆಕಾರಗಳನ್ನೆಲ್ಲ ಹೊತ್ತ ಕನ್ನಡ ಫಾಂಟು ಇಂಗ್ಲಿಷ್ ಅಕ್ಷರಗಳಷ್ಟನ್ನೇ ಹೊತ್ತ ಫಾಂಟಿಗಿಂತ ದೊಡ್ಡದು, ಮತ್ತು ವರ್ತಕರ ತಾಣ ಅಂಥ ಫಾಂಟಿನ ನಾಲ್ಕು ದಪ್ಪಗಳನ್ನು ಇಳಿಸುತ್ತಿದೆ. ಸಾಮಾನ್ಯ, ದಪ್ಪ ಎರಡೇ ಸಾಕು. ವಾಫ್2 ರೂಪದಲ್ಲಿ ನಿಮ್ಮದೇ ಸರ್ವರಿನಲ್ಲಿ ಇಟ್ಟು, ಫಾಂಟ್ ಬರುವವರೆಗೆ ಫೋನಿನಲ್ಲಿರುವ ಕನ್ನಡ ಅಕ್ಷರವನ್ನೇ ತೋರಿಸುವಂತೆ ‘ಸ್ವಾಪ್’ ಹೊಂದಿಸಿ. ಫಾಂಟಿನ ಗಾತ್ರ ಇಳಿಸಲು ಅಕ್ಷರಗಳನ್ನು ಕತ್ತರಿಸುವವರು ಒತ್ತಕ್ಷರಗಳ ನಿಯಮಗಳನ್ನು ಕಳಚಿಬಿಡಬಾರದು. ಹಾಗಾದಾಗ ಹಲವು ತಾಣಗಳಲ್ಲಿ ‘ಅಕ್ಕಿ’ ಎಂಬುದು ‘ಅಕ್‌ಕಿ’ ಎಂಬಂತೆ ಹಲಂತ ಬೇರೆಯಾಗಿ ಕಾಣುವುದುಂಟು. ಅದಕ್ಕಿಂತ ಫೋನಿನ ಫಾಂಟೇ ಮೇಲು.

ಸರ್ವರ್ ಅಮೆರಿಕದಲ್ಲಿದೆ. ಗಾಜಿನ ಕೇಬಲಿನಲ್ಲಿ ಬೆಳಕು ಸಾವಿರ ಕಿಲೋಮೀಟರಿಗೆ ಸುಮಾರು 5 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಮಂಗಳೂರಿನಿಂದ ಅಲ್ಲಿಗೆ ಹೋಗಿಬರಲು 200 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಸುರಕ್ಷಿತ ಸಂಪರ್ಕ ಏರ್ಪಟ್ಟು ಮೊದಲ ಬೈಟ್ ಬರಲು ಇಂಥ ಮೂರು ಸುತ್ತುಗಳಾದರೂ ಆಗುತ್ತವೆ, ಎಂದರೆ ಸರ್ವರ್ ಯೋಚಿಸುವ ಮೊದಲೇ ಅರ್ಧ ಸೆಕೆಂಡು ಮೀರಿತು. ಗಿರಾಕಿಗಳು ಮುಂಬೈ, ಬೆಂಗಳೂರಿನಲ್ಲಿರುವಾಗ ಸರ್ವರನ್ನು ಮುಂಬೈಗೆ ತರುವುದೇ ಸರಿ. ಪುಟವನ್ನು ಪ್ರತಿಸಲ ಡೇಟಾಬೇಸಿನಿಂದ ಕಟ್ಟದೆ ಸಿದ್ಧಪ್ರತಿಯನ್ನು ಕೊಡುವ ಪೇಜ್ ಕ್ಯಾಶಿಂಗ್ ಕೂಡ ಬೇಕು, ಆದರೆ ಬುಟ್ಟಿ ಮತ್ತು ಪಾವತಿ ಪುಟಗಳನ್ನು ಅದರಿಂದ ಹೊರಗಿಡಿ. ಇಲ್ಲದಿದ್ದರೆ ಒಬ್ಬರ ಬುಟ್ಟಿ ಇನ್ನೊಬ್ಬರಿಗೆ ಕಾಣುವ ಅಪಾಯವಿದೆ.

ಮಲ್ಪೆಯ ಹೋಮ್‌ಸ್ಟೇ ನಡೆಸುವವನು

ಅಕ್ಕಾ, ತಾಣದ ಪ್ರತಿಗಳನ್ನು ಹಲವು ಊರುಗಳ ಸರ್ವರುಗಳಿಂದ ಕೊಡುವ ಸಿಡಿಎನ್ ಹಾಕಿದರೆ ವೇಗವೂ ಭದ್ರತೆಯೂ ಒಟ್ಟಿಗೆ ಬರುವುದಿಲ್ಲವೇ? ನಾವು ಕ್ಲೌಡ್‌ಫ್ಲೇರ್ ಎಂಬ ಅಂಥ ಸೇವೆಯ ಹಿಂದೆ ಇಟ್ಟಿದ್ದೇವೆ. ಆದರೆ 2025ರ ನವೆಂಬರ್ 18ರಂದು ಅದೇ ನಿಂತಾಗ ನಮ್ಮ ಸರ್ವರ್ ಚೆನ್ನಾಗಿದ್ದರೂ ಬುಕಿಂಗ್ ಪುಟ ತೆರೆಯಲಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಉಡುಪಿಯ ಪರ್ಯಾಯ. ಅದಕ್ಕೆ ಮುಂಚಿನ ವಾರಗಳಲ್ಲಿ ಕೋಣೆಗಾಗಿ ಜನ ಮುಗಿಬೀಳುತ್ತಾರೆ. ಆಗ ಹೀಗಾದರೆ ನಷ್ಟ ಸಣ್ಣದಲ್ಲ.

ಮಣಿಪಾಲದ ಸರ್ವರ್ ನಿರ್ವಾಹಕಿ

ನಿಮ್ಮ ಆತಂಕ ಸರಿಯೇ, ಆದರೂ ನಾನು ಸಿಡಿಎನ್ ಪರವೇ. ಅದು ವರ್ಷಕ್ಕೆ ಕೆಲವು ಗಂಟೆ ನಿಂತರೂ, ಉಳಿದ ಕಾಲದಲ್ಲಿ ತಡೆಯುವ ಬಾಟ್‌ಗಳ ಹಾವಳಿ, ಲಾಗಿನ್ ಪುಟಕ್ಕೆ ಬೀಳುವ ಪಾಸ್‌ವರ್ಡ್ ಊಹೆಗಳು ಅದಕ್ಕಿಂತ ಹೆಚ್ಚು ಹಾನಿ ಮಾಡಬಲ್ಲವು. ಶೇ 99.9 ಲಭ್ಯತೆ ಎಂದು ಹೋಸ್ಟಿಂಗ್ ಒಪ್ಪಂದದಲ್ಲಿ ಬರೆದಿದ್ದರೂ ವರ್ಷಕ್ಕೆ ಎಂಟೂವರೆ ಗಂಟೆಗಿಂತ ಹೆಚ್ಚು ಕಾಲ ನಿಲ್ಲುವ ಅವಕಾಶ ಅದರಲ್ಲೇ ಇದೆ. ಸಣ್ಣ ವ್ಯಾಪಾರಕ್ಕೆ ಅದನ್ನು ಶೂನ್ಯಕ್ಕಿಳಿಸುವ ಖರ್ಚು ಸಲ್ಲದು. ನಿಂತಾಗ ಗಿರಾಕಿಗೆ ಇನ್ನೊಂದು ದಾರಿ ಇರಬೇಕು. ಗೂಗಲ್ ನಕ್ಷೆಯಲ್ಲಿ ನಿಮ್ಮ ಫೋನ್ ಸಂಖ್ಯೆ, ವಾಟ್ಸ್ಆ್ಯಪ್ ಸರಿಯಾಗಿರಲಿ. ಪರ್ಯಾಯದ ವಾರಗಳಿಗೆ ಒಬ್ಬರನ್ನು ಫೋನಿಗೇ ಕೂರಿಸಿ.

ನಿಂತಿದೆಯೆಂಬುದು ಗಿರಾಕಿಗಿಂತ ಮೊದಲು ನಿಮಗೆ ತಿಳಿಯಬೇಕು. ಹೊರಗಿನಿಂದ ಐದೈದು ನಿಮಿಷಕ್ಕೆ ತಾಣವನ್ನು ತಟ್ಟಿ ನೋಡುವ ಉಚಿತ ಸೇವೆಗಳಿವೆ. ಪುಟ ತೆರೆಯಿತೇ ಎಂದಷ್ಟೇ ನೋಡಿದರೆ ಸಾಲದು, ಪುಟದಲ್ಲಿ ‘ಬುಟ್ಟಿಗೆ ಸೇರಿಸಿ’ ಎಂಬ ಪದಗಳಿವೆಯೇ ಎಂದು ನೋಡುವಂತೆ ಹೊಂದಿಸಿ. ಸಾಧ್ಯವಾದರೆ ಗೂಗಲ್‌ನಿಂದ ಮೊಬೈಲಿನಲ್ಲಿ ಬಂದಂತೆ ನಟಿಸುವ ಇನ್ನೊಂದು ತಪಾಸಣೆಯನ್ನೂ ಇಡಿ. ವರ್ತಕರ ತಾಣದಲ್ಲಿ ಅದೊಂದಿದ್ದರೆ ಗಿರಾಕಿ ಮುಂಬೈಯಿಂದ ಕರೆ ಮಾಡುವವರೆಗೆ ಕಾಯಬೇಕಿರಲಿಲ್ಲ.

ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಸರ್ಟಿಫಿಕೇಟ್ ಅವಧಿ ಮುಗಿದು ನಿಲ್ಲುವ ತಾಣಗಳೂ ಉಂಟು. ಗರಿಷ್ಠ 398 ದಿನಗಳಿದ್ದ ಅವಧಿಯನ್ನು 2026ರ ಮಾರ್ಚ್ 15ರಿಂದ 200, 2027ರ ಮಾರ್ಚ್ 15ರಿಂದ 100, 2029ರ ಮಾರ್ಚ್ 15ರಿಂದ 47 ದಿನಗಳಿಗೆ ಇಳಿಸಲು ಸರ್ಟಿಫಿಕೇಟ್ ನೀಡುವವರೂ ಬ್ರೌಸರ್ ತಯಾರಕರೂ ಸೇರಿದ ವೇದಿಕೆ ತೀರ್ಮಾನಿಸಿದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೈಯಿಂದ ನವೀಕರಿಸುವ ಪದ್ಧತಿ ಇನ್ನು ನಡೆಯದು. ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನಗಳ ಉಚಿತ ಸರ್ಟಿಫಿಕೇಟ್ ತಾನಾಗಿ ನವೀಕರಣವಾಗುವಂತೆ ಹೊಂದಿಸಿ. ಅವರು ಅವಧಿ ಮುಗಿಯುವ ಬಗ್ಗೆ ಇಮೇಲ್ ಕಳಿಸುವುದನ್ನು 2025ರ ಜೂನ್‌ನಲ್ಲಿ ನಿಲ್ಲಿಸಿದ್ದಾರೆ. ಹಾಗಾಗಿ ಆ ಎಚ್ಚರಿಕೆಯನ್ನೂ ನಿಮ್ಮ ತಪಾಸಣಾ ಸೇವೆಯೇ ಕೊಡಬೇಕು.

ಉಡುಪಿಯ ಲೆಕ್ಕಪರಿಶೋಧಕ

ಕಾನೂನಿನ ಕಡೆಯನ್ನು ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ತಾಣಕ್ಕೆ ಅನಧಿಕೃತವಾಗಿ ನುಗ್ಗಿ ಕೋಡ್ ಸೇರಿಸುವಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ತಿಳಿಸಬೇಕು; ಲಾಗ್‌ಗಳನ್ನು 180 ದಿನ ಉಳಿಸಬೇಕು. ‘ನಮ್ಮದು ಕಂಪನಿಯಲ್ಲ, ಅಂಗಡಿ’ ಎಂದು ಸುಮ್ಮನಿರಬಾರದು. ಮಾಹಿತಿ ತಂತ್ರಜ್ಞಾನ ಕಾಯಿದೆಯ 43ಎ ವಿಧಿಯ ವಿವರಣೆಯಲ್ಲಿ ‘ಬಾಡಿ ಕಾರ್ಪೊರೇಟ್’ ಎಂದರೆ ಪಾಲುದಾರಿಕೆ ಸಂಸ್ಥೆಯೂ ಏಕವ್ಯಕ್ತಿ ಮಾಲೀಕತ್ವವೂ ಸೇರಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಡಿ ಸೂಕ್ತ ರಕ್ಷಣೆ ಒದಗಿಸದಿದ್ದರೆ ದಂಡದ ಮಿತಿ 250 ಕೋಟಿ ರೂಪಾಯಿಯವರೆಗೆ ಇದೆ. ಅಂಗಡಿಗೆ ಅಷ್ಟು ಬೀಳುತ್ತದೆಂದಲ್ಲ; ಗಿರಾಕಿಯ ಹೆಸರು, ವಿಳಾಸ, ಫೋನ್ ಸಂಖ್ಯೆಗಳು ನಿಮ್ಮ ಜವಾಬ್ದಾರಿಯಲ್ಲಿವೆ. ವರ್ಷಗಳ ಹಿಂದಿನ ಆರ್ಡರ್ ವಿವರಗಳು ತಾಣದ ಡೇಟಾಬೇಸಿನಲ್ಲಿ ಏಕಿರಬೇಕು? ತೆರಿಗೆ ದಾಖಲೆಗೆ ಬೇಕಾದುದನ್ನು ಕಚೇರಿಯ ಲೆಕ್ಕಕ್ಕೆ ಇಳಿಸಿಕೊಂಡು ಅಲ್ಲಿಂದ ಅಳಿಸಿ.

ಕಾರ್ಡಿನ ಸಂಖ್ಯೆಯನ್ನಂತೂ 2022ರ ಅಕ್ಟೋಬರ್ 1ರಿಂದ ವರ್ತಕರು ಇಟ್ಟುಕೊಳ್ಳುವಂತಿಲ್ಲ. ರಿಸರ್ವ್ ಬ್ಯಾಂಕಿನ ನಿಯಮವದು. ಪಾವತಿಯು ಹಣ ಸ್ವೀಕರಿಸಿಕೊಡುವ ಗೇಟ್‌ವೇ ಸಂಸ್ಥೆಯ ಪುಟದಲ್ಲೇ ನಡೆಯಲಿ. 2018ರಲ್ಲಿ ಬ್ರಿಟಿಷ್ ಏರ್‌ವೇಸ್‌ನ ತಾಣದಲ್ಲಿ ಒಂದು ಸ್ಕ್ರಿಪ್ಟ್ ಕಡತವನ್ನು ತಿದ್ದಿ, ಪ್ರಯಾಣಿಕರು ಬರೆಯುತ್ತಿದ್ದ ಕಾರ್ಡ್ ವಿವರಗಳನ್ನೇ ಕದ್ದಿದ್ದರು. 2020ರಲ್ಲಿ ಅದಕ್ಕೆ 2 ಕೋಟಿ ಪೌಂಡ್ ದಂಡ ಬಿತ್ತು.

ಬಂದರಿನ ಗೇರುಬೀಜ ವರ್ತಕ, ಮಂಗಳೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ನಿರ್ವಾಹಕಿಯವರು ಹೇಳಿದಂತೆ ಎಚ್‌ಟಿಆ್ಯಕ್ಸೆಸ್ ಕಡತದ ತಳದಲ್ಲಿ ಆ ಸಾಲುಗಳು ಸಿಕ್ಕಿದವು. ಅಪ್‌ಲೋಡ್ಸ್‌ನಲ್ಲಿ ಎರಡು ಪಿಎಚ್‌ಪಿ ಕಡತಗಳೂ ಇದ್ದವು. ಥೀಮು ಎಲ್ಲಿಯದೆಂದು ಹುಡುಗನನ್ನು ಕೇಳಿದೆ. ಅದು ಹಣ ಕೊಟ್ಟು ತಂದದ್ದಲ್ಲವಂತೆ. ಸ್ವಚ್ಛತೆಯ ಕೆಲಸ ನಡೆಯುತ್ತಿದೆ. ಆದರೆ ಸರ್ವರನ್ನು ಮುಂಬೈಗೆ ಬದಲಿಸಲು ಹೋದಾಗ ಡೊಮೇನ್, ಎಂದರೆ ತಾಣದ ವಿಳಾಸದ ಹೆಸರು, ಅವನ ಇಮೇಲಿನಲ್ಲಿ, ಅವನ ಖಾತೆಯಲ್ಲಿ ನೋಂದಣಿಯಾಗಿದೆ ಎಂದು ತಿಳಿಯಿತು. ಅವನು ಬಿಟ್ಟುಕೊಡಲು ಸಿದ್ಧನಿದ್ದಾನೆ. ಹೇಗೆ ಮಾಡಿದರೆ ತಾಣ ನಿಲ್ಲುವುದಿಲ್ಲ?

ಮಣಿಪಾಲದ ಸರ್ವರ್ ನಿರ್ವಾಹಕಿ

ಇಷ್ಟು ಹೊತ್ತು ನಾವು ಚರ್ಚಿಸಿದ್ದೆಲ್ಲಕ್ಕಿಂತ ಇದು ಮುಖ್ಯ. ಅಂಗಡಿ ನಿಮ್ಮದು, ಪಹಣಿ ಇನ್ನೊಬ್ಬರ ಹೆಸರಿನಲ್ಲಿ ಎಂಬಂಥ ಸ್ಥಿತಿ ಇದು. ಅವನ ಇಮೇಲ್ ಯಾರಾದರೂ ಕದ್ದರೂ, ಅವನು ನವೀಕರಣ ಮರೆತರೂ ತಾಣ, ಇಮೇಲ್ ಎರಡೂ ಹೋಗುತ್ತವೆ. ಡಾಟ್ ಕಾಮ್ ಹೆಸರು ಅವಧಿ ಮುಗಿದರೆ ಕೆಲವು ವಾರಗಳ ಕಾಲಾವಕಾಶ, ಆಮೇಲೆ ಹೆಚ್ಚಿನ ಶುಲ್ಕ ಕೊಟ್ಟು ಬಿಡಿಸಿಕೊಳ್ಳಲು 30 ದಿನ ಸಿಗುತ್ತದೆ. ಅನಂತರ ಅದು ಯಾರ ಪಾಲಿಗೂ ಹೋಗಬಹುದು.

ಈಗಲೇ ಬೇರೆ ರಿಜಿಸ್ಟ್ರಾರ್‌ಗೆ (ಡೊಮೇನ್ ನೋಂದಾಯಿಸುವ ಸಂಸ್ಥೆಗೆ) ವರ್ಗಾಯಿಸಲು ಹೋಗಬೇಡಿ. ನೋಂದಣಿದಾರರ ಹೆಸರು ಅಥವಾ ಇಮೇಲ್ ಬದಲಾದ ನಂತರ ಡಾಟ್ ಕಾಮ್ ಹೆಸರನ್ನು 60 ದಿನ ಬೇರೆಡೆಗೆ ಸಾಗಿಸದಂತೆ ತಡೆ ಬೀಳುವುದು ಸಾಮಾನ್ಯ, ಮತ್ತು ನಿಮಗೆ ನವರಾತ್ರಿ ಎದುರಿಗಿದೆ. ಅವನು ಬಳಸುತ್ತಿರುವ ರಿಜಿಸ್ಟ್ರಾರ್‌ನಲ್ಲೇ ಅಂಗಡಿಯ ಇಮೇಲಿನಿಂದ ನಿಮ್ಮದೊಂದು ಖಾತೆ ತೆರೆಯಿರಿ. ಆ ಇಮೇಲು ನಿಮ್ಮದೇ ಡೊಮೇನಿನದಾಗಿರಬಾರದು, ಏಕೆಂದರೆ ಡೊಮೇನ್ ನಿಂತ ದಿನ ಅದೂ ನಿಲ್ಲುತ್ತದೆ. ಎರಡು ಹಂತದ ಲಾಗಿನ್ ಹಾಕಿ, ಅದರ ತುರ್ತು ಸಂಕೇತಗಳನ್ನು ಕಾಗದದಲ್ಲಿ ಬರೆದು ಅಂಗಡಿಯ ತಿಜೋರಿಯಲ್ಲಿಡಿ. ಆಮೇಲೆ ಅವನು ತನ್ನ ಖಾತೆಯಿಂದ ನಿಮ್ಮ ಖಾತೆಗೆ ಹೆಸರನ್ನು ಸರಿಸಲಿ. ನೇಮ್‌ಸರ್ವರ್ ಬದಲಾಗದ ಕಾರಣ ತಾಣ ಒಂದು ಕ್ಷಣವೂ ನಿಲ್ಲುವುದಿಲ್ಲ. ಹೆಸರಿಗೂ ಸರ್ವರಿಗೂ ನಂಟು ಹಾಕುವ ಡಿಎನ್‌ಎಸ್ ಬೇರೆ ಸೇವೆಯಲ್ಲಿ ಅವನ ಖಾತೆಯಲ್ಲೇ ಇದ್ದರೆ ಅಲ್ಲಿನ ದಾಖಲೆಗಳನ್ನೆಲ್ಲ, ಮುಖ್ಯವಾಗಿ ಇಮೇಲಿನ ಎಂಎಕ್ಸ್, ಎಸ್‌ಪಿಎಫ್, ಡಿಕಿಮ್ ಸಾಲುಗಳನ್ನು, ಮೊದಲೇ ಇಳಿಸಿಕೊಳ್ಳಿ.

ಡೊಮೇನ್ ನಿಮ್ಮ ಕೈಗೆ ಬಂದ ಮೇಲೆ ಡಿಎನ್‌ಎಸ್‌ನ ಟಿಟಿಎಲ್ ಅನ್ನು (ಹಳೆಯ ವಿಳಾಸವನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿಯನ್ನು) 300 ಸೆಕೆಂಡಿಗೆ ಇಳಿಸಿ, ಒಂದು ದಿನ ಬಿಟ್ಟು, ಮುಂಬೈಯ ಸರ್ವರಿನಲ್ಲಿ ಸ್ವಚ್ಛ ಪ್ರತಿ ಸರಿಯಾಗಿ ನಡೆಯುತ್ತಿದೆಯೆಂದು ಖಚಿತವಾದ ನಂತರ ರಾತ್ರಿ ಆರ್ಡರ್ ಕಡಿಮೆಯಿರುವ ಹೊತ್ತಿನಲ್ಲಿ ಡಿಎನ್‌ಎಸ್‌ನಲ್ಲಿ ಸರ್ವರಿನ ವಿಳಾಸ ಬದಲಿಸಿ. ಬದಲಿಸುವ ಮೊದಲು ಹಳೆಯ ತಾಣದಲ್ಲಿ ಆರ್ಡರ್ ಸ್ವೀಕಾರ ನಿಲ್ಲಿಸಿ, ಕೊನೆಯ ಡೇಟಾಬೇಸನ್ನು ಹೊಸ ಸರ್ವರಿಗೆ ತನ್ನಿ. ಹಳೆಯ ಹೋಸ್ಟಿಂಗನ್ನು ದೀಪಾವಳಿ ಮುಗಿಯುವವರೆಗೆ ರದ್ದು ಮಾಡಬೇಡಿ.